ಹನ್ನೊಂದು ಕೋಳಿ, ಇಪ್ಪತ್ತೆರಡು ಪಾಲು

ಮಹಜರಿನ ಎರಡನೆಯ ಪುಟದ ಕೊನೆಯಲ್ಲಿ ಒಂದು ಸಾಲಿತ್ತು: ‘ಸದರಿ ವಾಹನದಲ್ಲಿ ಯಾವುದೇ ಸರಕು ಕಂಡುಬಂದಿರುವುದಿಲ್ಲ.’ ಅದರ ಕೆಳಗೆ ಇಬ್ಬರು ಪಂಚರ ಗುರುತು. ಒಂದು ಹೆಬ್ಬೆಟ್ಟು, ಇನ್ನೊಂದು ಬಾಲ ಎಳೆದು ಕೆಳಗೆರಡು ಚುಕ್ಕಿ ಇಟ್ಟ ಠೀವಿಯ ಸಹಿ. ಆ ಒಂದು ಸಾಲು ನನ್ನನ್ನು ವರ್ಷಕ್ಕೂ ಹೆಚ್ಚು ಕಾಲ ಹಾಸನ, ಆಲೂರು, ಸಕಲೇಶಪುರಗಳ ನಡುವೆ ಕೆಂಪು ಬಸ್ಸಿನಲ್ಲಿ ಓಡಾಡಿಸಿತು.

ಆಗ ನನ್ನ ವಕೀಲಿ ಆಫೀಸು ಆಲೂರಿನಲ್ಲಿ ಗೊಬ್ಬರದ ಅಂಗಡಿಯ ಪಕ್ಕದ ಒಂದು ಕೋಣೆ. ಆ ವಾಸನೆಗೆ ಹೆದರಿ ದೊಡ್ಡ ಕಕ್ಷಿದಾರರು ಬರುತ್ತಿರಲಿಲ್ಲ. ಬರುತ್ತಿದ್ದವರೆಲ್ಲ ಅದರಲ್ಲೇ ಬದುಕಿದವರು. ಹಾಗೆ ಬಂದವರಲ್ಲಿ ಒಬ್ಬಾಕೆ ಪಾಳ್ಯದ ಕಡೆಯ ಕೋಳಿ ವ್ಯಾಪಾರದ ಹೆಂಗಸು. ನಲವತ್ತೈದರ ಆಸುಪಾಸು, ಗಂಡ ತೀರಿಕೊಂಡಿದ್ದ, ಜಮೀನಿರಲಿಲ್ಲ. ಹಳ್ಳಿ ಹಳ್ಳಿ ಸುತ್ತಿ ನಾಟಿ ಕೋಳಿ ಕೊಂಡು ಸಕಲೇಶಪುರದ ಹೋಟೆಲುಗಳಿಗೆ ಹಾಕುವುದು ಕಸುಬು. ಅಂಗಡಿ, ಬಂಡವಾಳ ಎಲ್ಲವೂ ಆಕೆಯ ಎರಡು ಕಾಲುಗಳೇ. ಅವುಗಳಲ್ಲಿ ಬಲಗಾಲು ಈಗ ಎರಡು ಕಡೆ ಮುರಿದು, ಒಳಗೆ ಕಬ್ಬಿಣದ ಸರಳು ಹಾಕಿಸಿಕೊಂಡು ಬೆಂಚಿನ ಮೇಲೆ ನೀಟಾಗಿ ಚಾಚಿಕೊಂಡಿತ್ತು. ಇನ್ನೊಂದು ಆಪರೇಶನ್ ಆದರೆ ಕೋಲು ಹಿಡಿದಾದರೂ ನಡೆಯಬಹುದು, ಇಲ್ಲದಿದ್ದರೆ ಜನ್ಮಪೂರ್ತಿ ಊರುಗೋಲೇ ಗತಿ ಎಂದು ಮೂಳೆ ಡಾಕ್ಟರು ಹೇಳಿದ್ದರು. ಆ ಆಪರೇಶನ್ನಿಗೆ ದುಡ್ಡು ಬರಬೇಕಾಗಿದ್ದುದು ಈ ಕೇಸಿನಿಂದ.

ಅಪಘಾತ ಸರಳವಾದದ್ದು. ಪಾಳ್ಯದ ಕಡೆಯಿಂದ ಸಕಲೇಶಪುರಕ್ಕೆ ಹೋಗುವ ಒಳದಾರಿಯಲ್ಲಿ, ಒಂದು ಕಾಫಿ ಎಸ್ಟೇಟಿನ ಪಕ್ಕದ ತಿರುವಿನಲ್ಲಿ, ಆಕೆ ಕೂತಿದ್ದ ಗೂಡ್ಸ್ ಟೆಂಪೋ ಮಗುಚಿಕೊಂಡಿತು. ತಪ್ಪು ಡ್ರೈವರನದೇ, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕಷ್ಟ ಇದ್ದದ್ದು ಕಾನೂನಿನಲ್ಲಿ. ಗೂಡ್ಸ್ ಗಾಡಿಯಲ್ಲಿ ಸುಮ್ಮನೆ ಹತ್ತಿಕೊಂಡು ಬಂದವರಿಗೆ ಏಟಾದರೆ ವಿಮಾ ಕಂಪನಿ ಜವಾಬ್ದಾರಿಯಲ್ಲ. ಸರಕಿನ ಜೊತೆಗೆ ಹೋಗುತ್ತಿದ್ದ ಸರಕಿನ ಮಾಲೀಕರಿಗಾದರೆ ಮಾತ್ರ ಅದು ಕೊಡಬೇಕು. ಟೆಂಪೋದ ಡ್ರೈವರೇ ಅದರ ಮಾಲೀಕ. ಅವನ ಸಮಸ್ತ ಆಸ್ತಿಯೂ ಆ ದಿನ ನಾಲ್ಕು ಚಕ್ರ ಮೇಲೆ ಮಾಡಿಕೊಂಡು ಮಲಗಿತ್ತು. ಅವನಿಂದ ವಸೂಲಿ ಮಾಡುವುದೆಂದರೆ ಮರಳಿನಿಂದ ಎಣ್ಣೆ ಹಿಂಡಿದ ಹಾಗೆ. ಮೇಲಾಗಿ ಪರ್ಮಿಟ್ಟಿನ ಹೆದರಿಕೆಗೆ ಆ ಪುಣ್ಯಾತ್ಮ, ಆಯಮ್ಮ ದಾರೀಲಿ ಕೈ ಅಡ್ಡ ಹಾಕಿ ಹತ್ತಿದಳು, ಬಾಡಿಗೆಗೀಡಿಗೆ ಏನೂ ಇಲ್ಲ ಎಂದು ಪೊಲೀಸರ ಮುಂದೆ ಹೇಳಿಕೆ ಕೊಟ್ಟುಬಿಟ್ಟಿದ್ದ.

ನಾನು ಇದನ್ನೆಲ್ಲ ಬಿಡಿಸಿ ಹೇಳಿದೆ. ಆಕೆ ಶಾಂತವಾಗಿ ಕೇಳಿಸಿಕೊಂಡು ಅಂದಳು:

“ಸರಕು ಇರ್ನಿಲ್ಲ ಅಂತ ಬರ್ದವ್ರಾ? ಹನ್ನೊಂದು ಕೋಳಿ ಇತ್ತಲ್ಲ ಮಗ. ಏನು, ಅವೆಲ್ಲ ರೆಕ್ಕೆ ಬಡ್ಕಂಡು ಶಿರಾಡಿ ಘಾಟಿ ಇಳಿದೋದ್ವಾ?”

ಅಲ್ಲಿಂದ ಮುಂದೆ ಆಕೆಗೆ ಕಾಲಿಗಿಂತ ಕೋಳಿಯ ಚಿಂತೆಯೇ ಹೆಚ್ಚಾಯಿತು. ನಾನು ಅಂಗವೈಕಲ್ಯದ ಪ್ರಮಾಣಪತ್ರ ಕೇಳಿದರೆ ಆಕೆ ಕೆಂಪು ಹುಂಜದ ತೂಕ ಹೇಳುತ್ತಿದ್ದಳು. ಎಕ್ಸ್‌ರೇ ಎಲ್ಲಿ ಅಕ್ಕ ಅಂದರೆ, ಅದಿರಲಿ, ಆ ಹುಂಜದ ಜುಟ್ಟು ನೋಡಬೇಕಿತ್ತು ನೀನು ಅನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಕೇಸು ನಿಂತಿರುವುದು ಕಾಲಿನ ಮೇಲಲ್ಲ, ಕೋಳಿಯ ಮೇಲೆ ಎನ್ನುವುದು ನನಗಿಂತ ಮೊದಲು ಆಕೆಗೇ ಹೊಳೆದಿತ್ತು ಎಂದು ಈಗ ಅನ್ನಿಸುತ್ತದೆ.

ಹಾಸನದ ಕ್ಲೇಮು ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಿದೆ. ವಿಮಾ ಕಂಪನಿಯ ಪರ ಬಂದವರು ತಲೆನೆರೆತ ಹಿರಿಯ ವಕೀಲರು. ಕ್ಯಾಂಟೀನಿನಲ್ಲಿ ನನಗೆ ಬೋಂಡಾ ಕೊಡಿಸುತ್ತಿದ್ದರು, ಕೋರ್ಟಿನೊಳಗೆ ನನ್ನ ಸಾಕ್ಷಿಗಳನ್ನು ಅದೇ ಬೋಂಡಾದ ಹಾಗೆ ಮುರಿಯುತ್ತಿದ್ದರು. ಅವರ ವಾದ ಎರಡು ಮೆಟ್ಟಿಲಿನದು. ಮೊದಲನೆಯದು, ಕೋಳಿಯೇ ಇರಲಿಲ್ಲ. ಎರಡನೆಯದು, ಇದ್ದಿದ್ದರೂ ಒಂದೋ ಎರಡೋ ಇದ್ದಿರಬಹುದು, ಸಾರಿಗೆ ಹೋಗುವ ಒಂದು ಕೋಳಿ ಪ್ರಯಾಣಿಕರ ಕೈಸಾಮಾನೇ ಹೊರತು ಸರಕಲ್ಲ. ಜೀವಂತ ಪ್ರಾಣಿಯೂ ಸರಕೇ ಎಂದು ಕಾಯ್ದೆಯಲ್ಲಿದ್ದರೂ ಕೈಸಾಮಾನು ಸರಕಲ್ಲ ಎನ್ನುವುದೂ ಅದೇ ಕಾಯ್ದೆಯಲ್ಲಿತ್ತು. ಅಂದರೆ ನಾನು ಕೋಳಿ ಇತ್ತೆಂದು ತೋರಿಸಿದರೆ ಸಾಲದು, ಹನ್ನೊಂದಿದ್ದವು ಎಂದು ಎಣಿಸಿಯೂ ತೋರಿಸಬೇಕು.

ಅಕ್ಕನ ಪಾಟೀಸವಾಲಿನ ದಿನ ಹಿರಿಯರು, ಕೋಳಿ ಕೊಂಡದ್ದಕ್ಕೆ ರಸೀದಿ ಇದೆಯೇನಮ್ಮ ಎಂದು ಕೇಳಿದರು. ಆಕೆ ಸಾಕ್ಷಿಕಟ್ಟೆಯಲ್ಲಿ ಸ್ಟೂಲಿನ ಮೇಲೆ ಕೂತು ಅವರನ್ನು ಮರುಕದಿಂದ ನೋಡಿದಳು. ಆಮೇಲೆ ರಸೀದಿಯ ಬದಲು ಒಂದೊಂದೇ ಕೋಳಿಯ ಕುಲಗೋತ್ರ ಹೇಳತೊಡಗಿದಳು: ಯಾರ ಮನೆಯದು, ಯಾವ ಬಣ್ಣ, ಯಾವುದಕ್ಕೆ ಒಂದು ಕಣ್ಣು ಮಂಜು, ಯಾವ ಹ್ಯಾಟೆ ಮೊಟ್ಟೆ ನಿಲ್ಲಿಸಿ ಎಷ್ಟು ಕಾಲವಾಗಿತ್ತು. ಐದನೆಯ ಕೋಳಿಯ ಹೊತ್ತಿಗೆ ಟೈಪಿಸ್ಟು ಕೈಬಿಟ್ಟ. ನ್ಯಾಯಾಧೀಶರು ನಗು ತಡೆದುಕೊಂಡು, ‘ಸಾಕ್ಷಿಯು ಹನ್ನೊಂದು ಕೋಳಿಗಳನ್ನು ವಿವರಿಸುತ್ತಾರೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರು. ಕೇಳಲು ಚೆನ್ನಾಗಿತ್ತು, ನಿಜ. ಆದರೆ ತನ್ನ ಕೇಸಿಗೆ ತಾನೇ ಹೇಳಿದ ಮಾತಿಗೆ ಎಷ್ಟು ತೂಕ? ಹೊರಗೆ ಬಂದಾಗ ಹಿರಿಯರು ನನ್ನ ಹೆಗಲ ಮೇಲೆ ಕೈಯಿಟ್ಟು, “ಕೋಳಿ ನೋಡಿದ ಒಬ್ಬನ್ನ ಕರ್ಕೊಂಡ್ ಬಾ ಮಾರಾಯ. ಒಬ್ಬನಾದ್ರೂ ಬೇಕಲ್ಲ” ಅಂದರು. ಅದು ಅಣಕವಲ್ಲ, ಒಳ್ಳೆಯ ಸಲಹೆಯೇ.

ಹಾಗಾಗಿ ಒಂದು ಭಾನುವಾರ ಆ ತಿರುವಿನಲ್ಲಿ ಬಸ್ಸಿಳಿದೆ. ರಸ್ತೆಯಿಂದ ಕೂಗಳತೆಯಲ್ಲಿ ಎಸ್ಟೇಟಿನ ಕೂಲಿ ಲೈನು, ಕೆಲಸದವರ ಸಾಲುಮನೆಗಳು. ಅಪಘಾತವಾದಾಗ ಮೊದಲು ಓಡಿಬಂದವರು ಅವರೇ. ಟೆಂಪೋ ಎತ್ತಿ ಹಿಡಿದು ಅಕ್ಕನನ್ನು ಹೊರಗೆಳೆದು, ಮೆಣಸು ಕುಯ್ಯುವ ಬಿದಿರೇಣಿಗೆ ಕಂಬಳಿ ಕಟ್ಟಿ ಮಲಗಿಸಿ, ದೊಡ್ಡ ರಸ್ತೆಯವರೆಗೆ ಹೊತ್ತುಕೊಂಡು ಹೋಗಿ, ಲಾರಿಯೊಂದಕ್ಕೆ ಅಡ್ಡ ನಿಂತು ಸಕಲೇಶಪುರದ ಆಸ್ಪತ್ರೆಗೆ ಕಳಿಸಿದ್ದರು. ಇಷ್ಟು ಒಳ್ಳೆಯ ಜನ, ನಿಜ ಹೇಳದೆ ಇರುತ್ತಾರೆಯೇ ಎಂದುಕೊಂಡು ಹೋದೆ. ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳನ್ನು, ನಾನು ಲಾಯರು, ಆವತ್ತು ಟೆಂಪೋ ಮಗುಚಿದ್ದನ್ನು ನೋಡಿದವರು ಯಾರಾದರೂ ಇದ್ದಾರಾ ಎಂದು ಕೇಳಿದೆ.

“ಟೆಂಪೋ ನೋಡಿದ್ದೋ ಸಾ. ಕೋಳಿ ಮಾತ್ರ ನೋಡ್ನಿಲ್ಲ.”

ನಾನಿನ್ನೂ ಕೋಳಿಯ ಹೆಸರೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಕೇಳಿದ್ದೆ. ಇಲ್ಲಿ ಕಳ್ಳ ಎನ್ನುವ ಮೊದಲೇ ಇಡೀ ಲೈನು ಹೆಗಲು ಒರೆಸಿಕೊಳ್ಳುತ್ತಿತ್ತು. ಮುಂದಿನ ಮನೆಯಲ್ಲೂ ಅದೇ ಉತ್ತರ, ಅದರ ಮುಂದಿನದರಲ್ಲೂ. ಒಬ್ಬ ಮುದುಕನಂತೂ ತಾನು ಹುಟ್ಟಿದಾಗಿನಿಂದ ಕೋಳಿಯೇ ತಿಂದವನಲ್ಲ ಎಂದ. ಅವನ ಹಿಂದೆಯೇ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಮುಖ ತಿರುಗಿಸಿಕೊಂಡು ಕೆಮ್ಮಿದಳು.

ವಿಷಯ ಗೊತ್ತಾಯಿತು. ಕೋಳಿಗಳು ಕಾಫಿ ಗಿಡಗಳೊಳಗೆ ನುಗ್ಗಿದ್ದವು, ಲೈನಿನವರು ಹಿಡಿದು ತಿಂದಿದ್ದರು. ಇನ್ನೂ ಗೊತ್ತಾದದ್ದೆಂದರೆ, ಮಹಜರಿನಲ್ಲಿ ಬಾಲ ಎಳೆದು ಸಹಿ ಹಾಕಿದ್ದವನು ಆ ಎಸ್ಟೇಟಿನ ರೈಟರು. ಎಸ್ಟೇಟಿನಲ್ಲಿ ರೈಟರೆಂದರೆ ಹಾಜರಿ ಬರೆಯುವವನು, ಕೂಲಿ ಬಟವಾಡೆ ಮಾಡುವವನು, ಲೈನಿನ ಮಟ್ಟಿಗೆ ಸರ್ಕಾರವೇ ಅವನು. ಸ್ಟೋರಿನ ಬಾಗಿಲಲ್ಲಿ ಸಿಕ್ಕಿದ. ಸಣ್ಣ ಆಳು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ತಾನು ನೋಡಿದ್ದಕ್ಕೆ ಸಹಿ ಹಾಕಿದ್ದೇನೆ, ನೋಡದ್ದಕ್ಕೆ ಹಾಕಿಲ್ಲ, ಮಹಜರಿನಲ್ಲಿರುವುದೆಲ್ಲ ಅಕ್ಷರಶಃ ನಿಜ ಎಂದು ಒಂದೇ ಉಸಿರಿಗೆ ಹೇಳಿ ಸ್ಟೋರಿನ ಬಾಗಿಲು ಹಾಕಿಕೊಂಡ. ಅಕ್ಷರಶಃ ಎಂಬ ಮಾತನ್ನು ಅವನು ಬಳಸಿದ ರೀತಿ ನನಗೆ ಇಷ್ಟವಾಗಲಿಲ್ಲ.

ಮುಂದಿನ ಎರಡು ವಾಯಿದೆಗಳನ್ನು ಸಬೂಬು ಹೇಳಿ ತಳ್ಳಿದೆ. ಮೂರನೆಯದಕ್ಕೆ ನ್ಯಾಯಾಧೀಶರು, ಇದು ಕಡೆಯ ಅವಕಾಶ, ಸಾಕ್ಷಿ ಇದ್ದರೆ ತನ್ನಿ, ಇಲ್ಲದಿದ್ದರೆ ಮುಗಿಸಿ ಎಂದರು. ನನ್ನೆದುರು ಇದ್ದ ದಾರಿ ರೈಟರಿಗೆ ಸಮನ್ಸ್ ಕಳಿಸುವುದು. ಆದರೆ ಒಲ್ಲದ ಸಾಕ್ಷಿಯನ್ನು ಎಳೆದು ತಂದು ಅವನು ಕೋಳಿ ಇರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಿಬಿಟ್ಟರೆ, ಕೇಸಿಗೆ ನಾನೇ ಮಣ್ಣು ಹಾಕಿದ ಹಾಗೆ. ಅರ್ಧ ಬರೆದ ಸಮನ್ಸ್ ಅರ್ಜಿ ಎರಡು ದಿನ ಮೇಜಿನ ಮೇಲೆಯೇ ಬಿದ್ದಿತ್ತು. ಮೂರನೆಯ ದಿನ ಅದನ್ನು ಹರಿದು ಹಾಕಿ, ಅಕ್ಕನನ್ನೇ ಲೈನಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದೆ. ಅರ್ಜಿದಾರಳೇ ಸಾಕ್ಷಿಗಳ ಮನೆಗೆ ಹೋದಳು ಎಂದು ನಾಳೆ ಕೋರ್ಟಿನಲ್ಲಿ ಆಡಿಕೊಳ್ಳುತ್ತಾರೆಂದು ಗೊತ್ತಿತ್ತು. ಆಡಿಕೊಳ್ಳಲಿ ಎಂದುಕೊಂಡೆ. ದಾರಿಯುದ್ದಕ್ಕೂ ಆಕೆಗೆ ಬುದ್ಧಿ ಹೇಳಿದೆ: ಬೈಯಬೇಡ, ಶಾಪ ಹಾಕಬೇಡ, ಕೋಳಿಯ ಬೆಲೆ ಕೇಳಬೇಡ. ಆಕೆ ಕಿಟಕಿಯಾಚೆ ನೋಡುತ್ತ ಹೂಂಗುಟ್ಟಿದಳು. ಆ ಹೂಂ ನನಗೆ ಭಯ ತರಿಸಿತು.

ಸಂಜೆ ಕೆಲಸ ಬಿಡುವ ಹೊತ್ತು. ಊರುಗೋಲು ಊರುತ್ತ ಆಕೆ ಲೈನಿನ ಅಂಗಳಕ್ಕೆ ಬಂದದ್ದನ್ನು ನೋಡಿ ಮಾತುಗಳೆಲ್ಲ ನಿಂತವು. ಆಕೆ ಮೊದಲ ಮನೆಯ ಜಗಲಿಯ ಮೇಲೆ ಕೂತು, ನೀರು ಕೇಳಿ ಕುಡಿದು, ಸುಧಾರಿಸಿಕೊಂಡು, ಆವತ್ತು ನನ್ನ ಹೊತ್ತುಕೊಂಡು ಹೋದವರು ಯಾರ್ಯಾರು ಎಂದು ಕೇಳಿದಳು. ನಾಲ್ಕು ಜನ ಸಂಕೋಚದಿಂದ ಮುಂದೆ ಬಂದರು. ಏಣಿ ತಂದವನು, ಕಂಬಳಿ ಕೊಟ್ಟವಳು, ಲಾರಿಗೆ ಅಡ್ಡ ನಿಂತವನು ಹೀಗೆ ಒಬ್ಬೊಬ್ಬರೇ ಸೇರಿದರು. ರೈಟರು ಸ್ಟೋರಿನ ಬಾಗಿಲಿಂದ ಇಣುಕುತ್ತಿದ್ದ. ಕೋಳಿ ತಿಂದವರು ಯಾರು ಎಂದು ಆಕೆ ಕೇಳಿದಾಗ ಮಾತ್ರ ಎಲ್ಲರೂ ನೆಲ ನೋಡಿದರು.

ಅಕ್ಕ ಗಂಟಲು ಸರಿಮಾಡಿಕೊಂಡಳು. ನಾನು ಕಣ್ಣು ಮುಚ್ಚಿಕೊಂಡೆ.

“ನನ್ನ ಹೊತ್ತೋರ್ಗೆ ನಾನು ಒಂದ್ ಲೋಟ ಕಾಪಿ ಕೊಟ್ಟೋಳಲ್ಲ. ನೀವು ಎತ್ನಿಲ್ಲ ಅಂದಿದ್ರೆ ಅಲ್ಲೇ ಸತ್ತೋಗ್ಬುಡ್ತಿದ್ದೆ. ಆ ಕೋಳಿ ನಾನೇ ನಿಮ್ಗೆ ಕೊಟ್ಟಿದ್ದು ಅನ್ಕಳಿ. ಕಳ್ತನ ಅಲ್ಲ, ಏನಲ್ಲ. ಆದ್ರೆ ತಿಂದಿಲ್ಲ ಅನ್ಬ್ಯಾಡಿ ಕಣ್ರಪ್ಪ. ನೀವು ತಿಂದಿಲ್ಲ ಅಂದ್ರೆ ನನ್ ಕಾಲು ಹಿಂಗೇ ಉಳಿತೈತೆ.”

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ, ಬಹಳ ದಿನದಿಂದ ತಡೆದುಕೊಂಡಿದ್ದವಳ ಹಾಗೆ, ತಮ್ಮ ಪಾಲಿಗೆ ಬಂದದ್ದು ಎಷ್ಟು ಬೇಯಿಸಿದರೂ ಬೇಯಲೇ ಇಲ್ಲ ಎಂದು ದೂರಿದಳು. ಅಕ್ಕನ ಮುಖ ಕೆಂಪಾಯಿತು. ಬೂದು ಬಣ್ಣದ ಹ್ಯಾಟೆಯಾ ಎಂದು ಕೇಳಿ, ಹೌದೆಂದಾಗ, ಅದು ಮುದಿ ಹ್ಯಾಟೆ, ಸಾರಿಗಲ್ಲ, ಸುಟ್ಟು ಅರೆದು ಮಾಡಬೇಕು, ನನ್ನ ಕೋಳಿಗೆ ಹೆಸರು ಕೆಡಿಸಬೇಡ ಎಂದು ಅರ್ಧ ಗಂಟೆ ವಾದಿಸಿದಳು. ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲರೂ ಶುರುಮಾಡಿದರು. ಕೋಳಿಯೇ ತಿನ್ನದ ಮುದುಕ ಕೆಂಪು ಹುಂಜದ ರುಚಿಯನ್ನು ಕಣ್ಣರಳಿಸಿ ಬಣ್ಣಿಸಿದ. ನನಗೆ ಹಸಿವಾಯಿತು.

ಆಗ ರೈಟರು ಸ್ಟೋರಿನೊಳಗೆ ಹೋಗಿ ಒಂದು ಉದ್ದನೆಯ ಪುಸ್ತಕ ತಂದ. ಅದು ಚೆಕ್‌ರೋಲ್, ಅಂದರೆ ದಿನದ ಹಾಜರಿ ಬರೆಯುವ ಪುಸ್ತಕ. ಅಪಘಾತದ ದಿನದ ಹಾಳೆಯನ್ನು ತಿರುವಿ ಹಿಂಭಾಗ ತೋರಿಸಿದ. ಮೇಲೆ ‘ಕೋಳಿ ೧೧’ ಎಂದಿತ್ತು. ಕೆಳಗೆ ಒಂದರಿಂದ ಇಪ್ಪತ್ತೆರಡರ ತನಕ ಅಂಕಿ, ಪ್ರತಿ ಅಂಕಿಯ ಮುಂದೆ ‘ಅರ್ಧ’. ಕೊನೆಗೆ ಬಾಲ ಎಳೆದ ಸಹಿ.

ನಮ್ಮ ಕಡೆ ಹಿಂದೆ ಶಿಕಾರಿಯಾದರೆ ಮಾಂಸ ಪಾಲು ಹಾಕುವುದಕ್ಕೆ ಒಂದು ಕಟ್ಟುನಿಟ್ಟಿತ್ತು. ಒಂದು ಮನೆಗೆ ಹೆಚ್ಚು ಹೋಯಿತೆಂದು ಮೂರು ತಲೆಮಾರು ಮಾತು ಬಿಟ್ಟವರಿದ್ದಾರೆ. ಹಿಡಿದ ಕೋಳಿಯನ್ನೂ ಲೈನಿನವರು ಅದೇ ಲೆಕ್ಕದಲ್ಲಿ ಪಾಲು ಹಾಕಿದ್ದರು, ನಾಳೆ ಜಗಳವಾಗಬಾರದೆಂದು ರೈಟರ ಕೈಯಲ್ಲಿ ಬರೆಸಿಯೂ ಇಟ್ಟಿದ್ದರು. ಊರಿಗೆಲ್ಲ ಗುಟ್ಟು ಮಾಡಿದ ಕೆಲಸಕ್ಕೆ ತಾರೀಖು ಹಾಕಿ ಸಹಿ ಮಾಡಿದ ದಾಖಲೆ! ಇಂಥ ಪ್ರಾಮಾಣಿಕ ಕಳ್ಳರನ್ನು ನಾನು ಮತ್ತೆ ಕಂಡಿಲ್ಲ.

ರೈಟರಿಗೆ ಇನ್ನೊಂದು ಹೆದರಿಕೆಯಿತ್ತು. ಪುಸ್ತಕ ಎಸ್ಟೇಟಿನದು, ಕೋರ್ಟಿಗೆ ತರಬೇಕಾದರೆ ಸಾಹುಕಾರರಿಗೆ ಹೇಳಲೇಬೇಕು. ಕೆಲಸ ಹೋದರೂ ಹೋಯಿತೆಂದು ಅವನೇ ಬಂಗ್ಲೆಗೆ ಹೋಗಿ ಎಲ್ಲ ಒಪ್ಪಿಕೊಂಡ. ಸಾಹುಕಾರರು ಪೂರ್ತಿ ಕೇಳಿ, ಬಂಗ್ಲೆಗೆ ಯಾಕೆ ಪಾಲು ಬರಲಿಲ್ಲ ಎಂದು ಮಾತ್ರ ವಿಚಾರಿಸಿದರಂತೆ. ಲೈನಿನವರ ಮೇಲೆ ಕಳ್ಳತನದ ಕೇಸು ಬೀಳದಿರಲೆಂದು, ಕೋಳಿಗಳನ್ನು ತಾನೇ ಕೊಟ್ಟದ್ದೆಂದು ಅಕ್ಕನಿಂದ ಒಂದು ಅಫಿಡವಿಟ್ಟನ್ನೂ ಮಾಡಿಸಿಟ್ಟೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದಲ್ಲ.

ವಾಯಿದೆಯ ದಿನ ರೈಟರು ಮತ್ತಷ್ಟು ಗರಿಗರಿಯಾದ ಅಂಗಿಯಲ್ಲಿ ಬಂದ. ನನ್ನ ವಿಚಾರಣೆ ಸಲೀಸಾಗಿ ಮುಗಿದು, ಹಾಳೆ ಕೋರ್ಟಿನ ದಾಖಲೆಗೆ ಸೇರಿ ನಿಶಾನೆ ಪಿ-9 ಆಯಿತು. ಹಿರಿಯರು ಎದ್ದು ಮೊದಲಿಗೆ ಮಹಜರನ್ನೇ ಅವನ ಮುಂದೆ ಹಿಡಿದರು. ಸರಕು ಇರಲಿಲ್ಲ ಎಂಬುದಕ್ಕೆ ಸಹಿ ಹಾಕಿದ್ದೀರಿ, ಅದು ಸುಳ್ಳೋ ನಿಜವೋ?

“ನಿಜ ಸ್ವಾಮಿ. ಪೊಲೀಸ್ನೋರು ಬಂದಾಗ ಟೆಂಪೋದಲ್ಲಿ ಏನೂ ಇರ್ನಿಲ್ಲ. ಕೋಳಿ ಆಗ್ಲೇ ಒಲೆ ಮೇಲಿದ್ವು.”

ಕೋರ್ಟಿನಲ್ಲಿ ನಗು ಎದ್ದಿತು. ಹಿರಿಯರೂ ನಕ್ಕರು. ನಗುನಗುತ್ತಲೇ, ನಿಮ್ಮ ಲೈನಿನಲ್ಲಿ ಒಟ್ಟು ಎಷ್ಟು ಮನೆ ಎಂದು ಕೇಳಿದರು. ರೈಟರು, ನನ್ನದೂ ಸೇರಿ ಇಪ್ಪತ್ತೊಂದು ಎಂದ.

ಇಷ್ಟು ದಿನ ಕೋಳಿ ಎಣಿಸಿದ್ದೇನೆಯೇ ಹೊರತು ಮನೆ ಎಣಿಸುವುದು ನನಗೆ ಹೊಳೆದೇ ಇರಲಿಲ್ಲ. ಹಾಳೆಯ ನಕಲು ಮೊದಲೇ ಸಿಕ್ಕಿದ್ದರಿಂದ ವಿಮಾ ಕಂಪನಿಯ ತನಿಖೆಯವನು ಲೈನಿಗೆ ಹೋಗಿ ಎಣಿಸಿಕೊಂಡು ಬಂದಿದ್ದ. ಹಿರಿಯರು ದನಿ ಏರಿಸದೆ ಬಲೆ ಎಳೆದರು: ಮನೆ ಇಪ್ಪತ್ತೊಂದು, ಪಟ್ಟಿಯಲ್ಲಿ ಪಾಲು ಇಪ್ಪತ್ತೆರಡು. ಇಲ್ಲದ ಮನೆಗೆ ಅರ್ಧ ಕೋಳಿ ಹೋಯಿತೆಂದರೆ, ಈ ಪಟ್ಟಿಯನ್ನು ಯಾರೋ ಆಲೂರಿನಲ್ಲಿ ಕೂತು, ಹನ್ನೊಂದಕ್ಕೆ ಸರಿಹೊಂದಿಸಲು, ಮೊನ್ನೆ ಬರೆಸಿದ್ದಲ್ಲವೇ? ಅವರು ನನ್ನ ಕಡೆ ನೋಡಲಿಲ್ಲ, ಆದರೆ ನ್ಯಾಯಾಧೀಶರು ನೋಡಿದರು.

ರೈಟರು ಅವರನ್ನು ಅರ್ಥವಾಗದವನ ಹಾಗೆ ನೋಡಿದ.

“ಇಪ್ಪತ್ತೆರಡನೇದು ಆಯಮ್ಮಂದು ಸ್ವಾಮಿ. ಕೋಳಿ ಅವರ್ದಲ್ವಾ? ಒಡತಿಗೆ ಪಾಲು ಇಕ್ದೇ ನಾವು ತಿನ್ನಕಾಯ್ತದಾ?”

ನಗು ಬರಲಿಲ್ಲ ಯಾರಿಗೂ. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಕೇಳಬಾರದ ಒಂದು ಪ್ರಶ್ನೆ ಹೆಚ್ಚಾಗಿ ಕೇಳಿದೆನೆಂದು ಅವರಿಗೆ ತಿಳಿದಿತ್ತು. ನ್ಯಾಯಾಧೀಶರು ಆ ಉತ್ತರವನ್ನು ಒಂದಕ್ಷರ ಬಿಡದೆ ಸಾಕ್ಷಿಯ ಮಾತಿನಲ್ಲೇ ಬರೆಸಿದರು. ಬರೆಸಿದ ಮೇಲೆ ತಾವೇ ಕುತೂಹಲ ತಡೆಯಲಾರದೆ, ಆ ಅರ್ಧ ಏನಾಯಿತು ಎಂದು ಕೇಳಿದರು. ರೈಟರು ಹೇಳಿದ: ಹುರಿದು, ಮುದ್ದೆ ಕಟ್ಟಿ, ಕ್ಯಾರಿಯರಿನಲ್ಲಿ ಇಬ್ಬರ ಕೈಯಲ್ಲಿ ಮಾರನೆಯ ದಿನ ಸಕಲೇಶಪುರದ ಆಸ್ಪತ್ರೆಗೆ ಕಳಿಸಿದ್ದರು. ಅಷ್ಟರಲ್ಲಿ ಅಕ್ಕನನ್ನು ಹಾಸನಕ್ಕೆ ಸಾಗಿಸಿಯಾಗಿತ್ತು. ಹಾಸನಕ್ಕೆ ಹೋಗಲು ಅವರ ಹತ್ತಿರ ಬಸ್ ಚಾರ್ಜು ಇರಲಿಲ್ಲ. ಹಳಸಿ ಹೋಗುವುದು ಬೇಡವೆಂದು ಬಸ್‌ಸ್ಟ್ಯಾಂಡಿನಲ್ಲಿ ಕೂತು ಅವರೇ ಉಂಡು ಬಂದರು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಆ ಕೇಸಿನ ಉದ್ದಕ್ಕೂ ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎರಡು ತಿಂಗಳ ಮೇಲೆ ತೀರ್ಪು ಬಂತು. ವಿಮಾ ಕಂಪನಿಯೇ ಕೊಡಬೇಕು ಎಂದಾಯಿತು. ಹಿರಿಯರು, ಮೇಲ್ಮನವಿ ಬೇಡವೆಂದು ಕಂಪನಿಗೆ ಬರೆದಿದ್ದೇನೆ ಎಂದು ಕ್ಯಾಂಟೀನಿನಲ್ಲಿ ಹೇಳಿ ಬೋಂಡಾ ಕೊಡಿಸಿದರು. ತೀರ್ಪಿನ ಪ್ರತಿ ಕೈಗೆ ಬಂದ ದಿನ ಅಕ್ಕ ಆಲೂರಿಗೆ ಬಂದಳು. ನಾನು ಮೊತ್ತ ಹೇಳಿದೆ, ಆಪರೇಶನ್ನಿಗೆ ಸಾಲುತ್ತದೆ, ಮಿಕ್ಕಿದ್ದರಲ್ಲಿ ಕೂತಲ್ಲೇ ವ್ಯಾಪಾರ ಮಾಡಬಹುದು ಎಂದೆ. ಆಕೆ ತಲೆಯಾಡಿಸಿ, ಕೋಳಿ ವಿಷಯ ಏನು ಬರೆದಿದ್ದಾರೆ, ಓದು ಎಂದಳು. ಹುಡುಕಿ ಓದಿದೆ: ‘ಸದರಿ ಹನ್ನೊಂದು ಕೋಳಿಗಳ ಮಾಲೀಕಳು ಅರ್ಜಿದಾರಳೇ ಆಗಿದ್ದು, ತನ್ನ ಸರಕಿನೊಂದಿಗೆ ಪ್ರಯಾಣಿಸುತ್ತಿದ್ದಳೆಂದು ಈ ನ್ಯಾಯಮಂಡಳಿಯು ತೀರ್ಮಾನಿಸುತ್ತದೆ.’

ನಾನು ಪುಟ ತಿರುವಲು ಹೋದಾಗ ಆಕೆ ಕೈ ಅಡ್ಡ ಹಿಡಿದಳು.

“ನನ್ ಹೆಸ್ರಲ್ಲಿ ಒಂದ್ ಗುಂಟೆ ಜಮೀನಿನ್ ಪಾಣಿ ಇಲ್ಲ, ಇರೋ ಗುಡ್ಲೂ ಗಂಡನ ಹೆಸ್ರಲ್ಲೇ ಐತೆ. ಮಾಲೀಕಳು ಅಂತ ಸರ್ಕಾರದ ಕಾಗ್ದಲ್ಲಿ ಬರ್ದವ್ರಾ? ಇನ್ನೊಂದ್ ಸಲ ಓದು ಮಗ, ನಿಧಾನಕ್ಕೆ.”

ನಾನು ಮೊದಲಿನಿಂದ ಓದಿದೆ. ಈ ಸಲ ಮಾಲೀಕಳು ಎಂಬಲ್ಲಿಗೆ ಬಂದಾಗ ಆ ಪದ ಎಲ್ಲಿದೆ ತೋರಿಸು ಎಂದಳು, ಬೆರಳಿಟ್ಟು ತೋರಿಸಿ, ಮತ್ತೆ ಓದಿ ಮುಗಿಸಿದೆ.